ಅಣಕು ರಾಕ್ ತಂಡ ಕಟ್ಟುವ ಬಗೆ

ರಾಕ್ ಸಂಗೀತದ ಅಬ್ಬರ, ಅಲಂಕಾರ, ಅಹಂಕಾರಗಳನ್ನು ರಾಕ್ ಸಂಗೀತದ ಮೂಲಕವೇ ಅಣಕಿಸುವ ತಂಡಗಳು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಹಲವು ದಶಕಗಳಿಂದ ಅಪಾರ ಕೇಳುಗರನ್ನು ಗಳಿಸಿಕೊಂಡಿವೆ. ಕನ್ನಡದಲ್ಲಿ, ಅದರಲ್ಲೂ ಉತ್ತರ ಕರ್ನಾಟಕದ ಕನ್ನಡದಲ್ಲಿ, ಅಂಥ ತಂಡ ಕಟ್ಟಲು ಬೇಕಾದ ಸಾಮಗ್ರಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಧಾರಾಳವಾಗಿದೆ ಎಂಬುದು ನನ್ನ ದೃಢವಾದ ನಂಬಿಕೆ. ಗಿಟಾರ್ ನುಡಿಸಬಲ್ಲ, ಡ್ರಮ್ಸ್ ಬಾರಿಸಬಲ್ಲ ಕಾಲೇಜು ವಿದ್ಯಾರ್ಥಿಗಳು ಇಲ್ಲಿದ್ದಾರೆ; ಸವಾಲ್ ಜವಾಬಿನ ಹಾಡಿಗೆ ರಾತ್ರಿಯಿಡೀ ಕಿವಿಗೊಡುವ ಜನರೂ ಇದ್ದಾರೆ. ಈ ಇಬ್ಬರನ್ನೂ ಒಂದೇ ವೇದಿಕೆಯ ಸುತ್ತ ಸೇರಿಸುವುದು ಹೇಗೆಂಬುದನ್ನು, ವಸ್ತುವಿನ ಆಯ್ಕೆಯಿಂದ ಹಿಡಿದು ಧ್ವನಿವರ್ಧಕದ ಹೊಂದಾಣಿಕೆಯವರೆಗೆ, ಇಲ್ಲಿ ವಿವರಿಸಿದ್ದೇನೆ.

ನಗು ಹುಟ್ಟುವ ಜಾಗ

ತಂಡ ಕಟ್ಟುವ ಮೊದಲು ಈ ಬಗೆಯ ಸಂಗೀತ ಜನರನ್ನು ಏಕೆ ಸೆಳೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. 1984ರಲ್ಲಿ ರಾಬ್ ರೈನರ್ ನಿರ್ದೇಶಿಸಿದ ಚಿತ್ರವೊಂದರ ಮೂಲಕ ಸ್ಪೈನಲ್ ಟ್ಯಾಪ್ ಎಂಬ, ರಾಕ್‌ನ ಅತಿ ಅಬ್ಬರದ ಬಗೆಯಾದ ಹೆವಿ ಮೆಟಲ್ ನುಡಿಸುವ ಕಾಲ್ಪನಿಕ ತಂಡ ಹೆಸರಾಯಿತು. ಅದರ ಮೂವರು ಮುಖ್ಯ ಸದಸ್ಯರಾದ ಮೈಕೆಲ್ ಮೆಕೀನ್, ಕ್ರಿಸ್ಟೊಫರ್ ಗೆಸ್ಟ್ ಮತ್ತು ಹ್ಯಾರಿ ಶೀರರ್ ನಟರಾಗಿದ್ದರೂ ಹಾಡುಗಳ ರಚನೆಯಲ್ಲಿ ಕೈಜೋಡಿಸಿದರು, ವಾದ್ಯಗಳನ್ನು ತಾವೇ ನುಡಿಸಿದರು. ಆ ಚಿತ್ರದಲ್ಲಿ ತಂಡವು ಪ್ರಾಚೀನ ಶಿಲಾಸ್ಮಾರಕವೊಂದರ ಬೃಹತ್ ಪ್ರತಿಕೃತಿಯನ್ನು ವೇದಿಕೆಗೆ ಇಳಿಸಲು ಬಯಸುತ್ತದೆ. ನಕ್ಷೆಯಲ್ಲಿ 18 ಅಡಿ ಎಂದು ಬರೆಯಬೇಕಿದ್ದಲ್ಲಿ 18 ಇಂಚು ಎಂದು ಗುರುತು ಹಾಕಿರುವುದರಿಂದ ಮೊಣಕಾಲೆತ್ತರದ ಆಟಿಕೆಯೊಂದು ಮೇಲಿನಿಂದ ಇಳಿದುಬರುತ್ತದೆ. ಪ್ರೇಕ್ಷಕರು ನಗುವುದಕ್ಕೆ ಆ ಆಟಿಕೆ ಅರ್ಧ ಕಾರಣ ಮಾತ್ರ. ಅದು ಇಳಿಯುವಾಗಲೂ ಸಂಗೀತ ತನ್ನ ಘನತೆಯನ್ನು ಎಳ್ಳಷ್ಟೂ ಬಿಟ್ಟುಕೊಡುವುದಿಲ್ಲ ಎಂಬುದು ಉಳಿದರ್ಧ.

ಅಣಕು ರಾಕ್‌ನ ಜೀವಾಳ ಇರುವುದು ಇಲ್ಲಿಯೇ. ಸದ್ದು ಬೆಟ್ಟದಷ್ಟಿರಬೇಕು, ಸಂಗತಿ ದಿನನಿತ್ಯದ್ದಾಗಿರಬೇಕು, ಮತ್ತು ಹಾಡುವವನ ಮುಖದಲ್ಲಿ ಈ ಅಂತರದ ಅರಿವು ಲವಲೇಶವೂ ಕಾಣಬಾರದು. ಹಾಡುಗಾರ ತಾನೇ ಮೊದಲು ನಕ್ಕುಬಿಟ್ಟರೆ ಕೇಳುಗನಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಇದರ ಜೊತೆಗೆ ಇನ್ನೊಂದು ಆಕರ್ಷಣೆಯೂ ಇದೆ. ರಾಕ್ ಸಂಗೀತದ ರೂಢಿಗಳನ್ನು, ಅಂದರೆ ಮೊಣಕಾಲೂರಿ ನುಡಿಸುವ ಗಿಟಾರ್ ಸೋಲೊ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಏರುವ ಶ್ರುತಿ, ಮುಗಿಯಿತೆಂದುಕೊಂಡ ಮೇಲೂ ಮುಗಿಯದ ಮುಕ್ತಾಯ, ಇವನ್ನೆಲ್ಲ ಪ್ರೀತಿಯಿಂದ ಕೇಳಿದವನಿಗೆ ಅವುಗಳ ಅಣಕು ತನ್ನ ಪ್ರೀತಿಯ ಗುರುತಿನಂತೆಯೇ ಕಾಣುತ್ತದೆ. ಆದ್ದರಿಂದಲೇ ಇಂಥ ತಂಡಗಳ ಕಟ್ಟಾ ಅಭಿಮಾನಿಗಳಲ್ಲಿ ರಾಕ್ ಪ್ರಿಯರೇ ಹೆಚ್ಚು.

ಮೊದಲು ಸರಿಯಾಗಿ ನುಡಿಸಿರಿ

ಅಣಕಿಸಲು ಅರ್ಧಂಬರ್ಧ ಕಲಿತರೆ ಸಾಕು ಎಂಬ ಭಾವನೆ ಹಲವರಲ್ಲಿದೆ, ಅದು ತಪ್ಪು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ಹೆಸರಾದದ್ದೇ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ಗಾಯಕರ ಹಾಡುಗಾರಿಕೆಯನ್ನು ಯಥಾವತ್ತಾಗಿ ಹಾಡಿ ತೋರಿಸುವುದರಿಂದ. ಅವರ ಅನುಕರಣೆ ಅಣಕವಾಗಿರಲಿಲ್ಲ, ನಿಜ. ಆದರೆ ಒಬ್ಬ ಗಾಯಕ ಎಲ್ಲಿ ಉಸಿರೆಳೆಯುತ್ತಾನೆ, ಯಾವ ಸ್ವರವನ್ನು ತುಸು ತಡಮಾಡಿ ಮುಟ್ಟುತ್ತಾನೆ ಎಂಬುದನ್ನು ಹಿಡಿಯುವ ಕಿವಿ ಎರಡಕ್ಕೂ ಒಂದೇ. ಜನಪ್ರಿಯ ಹಾಡುಗಳ ಅಣಕಕ್ಕೆ ಹೆಸರಾದ ಅಮೆರಿಕದ ಗಾಯಕ ವಿಯರ್ಡ್ ಆಲ್ ಯಾಂಕೊವಿಕ್ ಅವರ ಜೊತೆಗಾರರಾದ ಗಿಟಾರ್, ಬಾಸ್, ಡ್ರಮ್ಸ್ ವಾದಕರು 1980ರ ದಶಕದಿಂದಲೂ ಬದಲಾಗಿಲ್ಲ. ಅವರು ಪಾಪ್, ಗ್ರಂಜ್, ರ‍್ಯಾಪ್, ಪೋಲ್ಕಾ ಎಂಬ ಭೇದವಿಲ್ಲದೆ ಪ್ರತಿಯೊಂದು ಶೈಲಿಯನ್ನೂ ಅದರ ಮೂಲದವರಷ್ಟೇ ಅಚ್ಚುಕಟ್ಟಾಗಿ ನುಡಿಸುತ್ತಾರೆ. 2014ರಲ್ಲಿ ಯಾಂಕೊವಿಕ್ ಅವರ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ ಅದರ ಹಿಂದೆ ಈ ಶಿಸ್ತೂ ಇತ್ತು.

ಭಾರತದ ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. ದೆಹಲಿಯ ಬ್ಲಡಿವುಡ್ ತಂಡ ಶುರುವಾದದ್ದು ಜನಪ್ರಿಯ ಹಾಡುಗಳನ್ನು ಮೆಟಲ್ ಶೈಲಿಗೆ ತಿರುಗಿಸಿ ನಗಿಸುವ ಅಣಕು ತಂಡವಾಗಿ. ನಂತರ ಅವರು ಡೋಲನ್ನೂ ತುಂಬಿ ಎಂಬ ಪಂಜಾಬಿನ ಒಂಟಿ ತಂತಿಯ ವಾದ್ಯವನ್ನೂ ಮೆಟಲ್ ಜೊತೆ ಬೆಸೆದು ಸ್ವಂತ ಹಾಡುಗಳನ್ನು ರಚಿಸಿದರು, ಮತ್ತು 2019ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದರು. ಅಣಕಿಸುವಾಗಲೇ ಅವರ ಕೈ ಪಳಗಿತ್ತು ಎಂದೇ ನಾನು ತಿಳಿಯುತ್ತೇನೆ.

ಆದ್ದರಿಂದ ತಂಡದ ಆರಂಭದ ದಿನಗಳನ್ನು ತಮಾಷೆಗೆ ಕೊಡಬೇಡಿರಿ. ಒಂದು ಉಪಶೈಲಿಯನ್ನು ಆರಿಸಿಕೊಂಡು ಅದರ ವ್ಯಾಕರಣವನ್ನು ಕಲಿಯಿರಿ. ಹೆವಿ ಮೆಟಲ್ ಆರಿಸಿದರೆ ಷಡ್ಜ ಪಂಚಮಗಳೆರಡನ್ನೇ ಕೂಡಿಸಿ ನುಡಿಸುವ ಪವರ್ ಕಾರ್ಡ್, ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ನುಡಿಸುವ ಮೊಟಕು ಹೊಡೆತ, ಎರಡೂ ಕಾಲಿನಿಂದ ಬಾರಿಸುವ ಬಾಸ್ ಡ್ರಮ್ ಇವು ಕೈಕಾಲುಗಳಿಗೆ ಇಳಿಯಬೇಕು. ಪವರ್ ಕಾರ್ಡ್‌ನಲ್ಲಿ ಗಾಂಧಾರ ಇರುವುದಿಲ್ಲವಾದ್ದರಿಂದ ಅದು ಸಂತೋಷವನ್ನಾಗಲಿ ದುಃಖವನ್ನಾಗಲಿ ಸ್ಪಷ್ಟವಾಗಿ ಸೂಚಿಸದೆ ಬರಿಯ ಗಾಂಭೀರ್ಯವನ್ನು ಮಾತ್ರ ಹೊರಡಿಸುತ್ತದೆ. ಅಣಕಿಗೆ ಬೇಕಾದದ್ದು ಆ ಮುಖಭಾವವಿಲ್ಲದ ಗಾಂಭೀರ್ಯವೇ. ಹಿಂದೂಸ್ತಾನಿ ಸಂಗೀತದ ಅಲ್ಪಸ್ವಲ್ಪ ಪರಿಚಯವಿರುವವರಿಗೆ, ನಮ್ಮ ಭಾಗದಲ್ಲಿ ಅಂಥವರು ಮನೆಗೊಬ್ಬರಾದರೂ ಸಿಗುತ್ತಾರೆ, ಇದು ಬೇಗ ಅರ್ಥವಾಗುತ್ತದೆ.

ವಸ್ತುವಿನ ಆಯ್ಕೆ ಮತ್ತು ಅದರ ಎಲ್ಲೆ

ವಸ್ತುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೋರ್‌ವೆಲ್ ಪಂಪು ನಡೆಸಲು ಬೇಕಾದ, ರಾತ್ರಿ ಎರಡು ಗಂಟೆಗೆ ಬರುವ ತ್ರೀ ಫೇಸ್ ಕರೆಂಟಿಗಾಗಿ ನಿದ್ದೆಗೆಟ್ಟು ಕಾಯುವ ರೈತನ ಪಾಡು ಯಾವ ವೀರಗಾಥೆಗೂ ಕಡಿಮೆಯಿಲ್ಲ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಕಿವಿಗಡಚಿಕ್ಕುವ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರ್ ತಾನಾಗಿಯೇ ಒಂದು ಮೆಟಲ್ ಹಾಡಿನ ನಾಯಕ. ಗೋಕಾಕದ ಕರದಂಟು ಮೇಲೋ ಅಮೀನಗಡದ ಕರದಂಟು ಮೇಲೋ ಎಂಬ ತೀರದ ವಾದವನ್ನು ಇಬ್ಬರು ಗಾಯಕರು ಎದುರುಬದುರಾಗಿ ನಿಂತು, ಗೀಗೀ ಪದದಲ್ಲಿ ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳ ರೀತಿಯಲ್ಲಿ, ಪ್ರಶ್ನೆ ಉತ್ತರಗಳಾಗಿ ಹಾಡಬಹುದು. ಎರಡು ಗಿಟಾರ್‌ಗಳು ಒಂದನ್ನೊಂದು ಕೆಣಕುವ ರಾಕ್ ರೂಢಿಯೂ ಇದಕ್ಕೆ ಸಹಜವಾಗಿ ಹೊಂದುತ್ತದೆ. ಗೀಗೀ ಮೇಳದಲ್ಲಿ ಮುಮ್ಮೇಳದವನ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಎಳೆಯುವ ಪದ್ಧತಿಯೇ ಕೋರಸ್ ಆಗಿಬಿಡುತ್ತದೆ.

ಎಲ್ಲೆಯ ವಿಚಾರವನ್ನು ಮಾತ್ರ ತಂಡದವರೆಲ್ಲ ಕೂತು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡವರ ಸಂಕಟ ನಗೆಗೆ ವಸ್ತುವಲ್ಲ. ಜಾತಿ, ಮೈಬಣ್ಣ, ಅಂಗವೈಕಲ್ಯ, ಹಳ್ಳಿಯವರ ಉಚ್ಚಾರ ಇವುಗಳ ಮೇಲೆ ಹೆಣೆದ ನಗೆ ದುರ್ಬಲರನ್ನು ನೋಯಿಸುತ್ತದೆ, ಮೇಲಾಗಿ ಅದನ್ನು ಹೆಣೆಯಲು ಯಾವ ಜಾಣ್ಮೆಯೂ ಬೇಕಾಗಿಲ್ಲ. ಬೆಳಗಾವಿಯಂಥ ಊರಿನಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವವರು ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಇಬ್ಬರನ್ನೂ ಒಟ್ಟಿಗೆ ನಗಿಸುವ ಹಾಡು ಬರೆಯುವುದು ಹೆಚ್ಚಿನ ಕೌಶಲವನ್ನು ಬೇಡುತ್ತದೆ, ಆ ಕೌಶಲಕ್ಕಾಗಿಯೇ ಪ್ರಯತ್ನಿಸಿರಿ. ಮೊಹರಂನ ರಿವಾಯತ್ ಪದಗಳ, ಸವದತ್ತಿ ಯಲ್ಲಮ್ಮನ ಚೌಡಕಿ ಪದಗಳ ಧಾಟಿಗಳನ್ನು ಜನ ಭಕ್ತಿಯಿಂದ ಹಾಡುತ್ತಾರಾದ್ದರಿಂದ ಅವುಗಳನ್ನು ಅಣಕಿಗೆ ಎಳೆತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಹಿತ್ಯ ಹೊಸೆಯುವುದು

ಪರಭಾಷೆಯ ಹಾಡಿನ ಧಾಟಿಗೆ ಕನ್ನಡದ ಮಾತು ಕೂರಿಸಿ ನಗಿಸುವುದು ನಮಗೆ ಹೊಸದೇನಲ್ಲ. ಇಂಗ್ಲಿಷ್ ಸೈನಿಕರು ಮೊದಲ ಮಹಾಯುದ್ಧದಲ್ಲಿ ಹಾಡುತ್ತಿದ್ದ, ಟಿಪ್ಪರೆರಿ ಎಂಬ ಊರು ಬಹಳ ದೂರ ಎಂಬರ್ಥದ ಹಾಡನ್ನು ಟಿ. ಪಿ. ಕೈಲಾಸಂ ಅವರು ತಿಪ್ಪಾರಳ್ಳಿಗೆ ಕರೆತಂದದ್ದು ಕನ್ನಡಿಗರಿಗೆಲ್ಲ ಗೊತ್ತು. ಅವರು ಮೂಲದ ಊರಿನ ಹೆಸರಿಗೆ ನಾದದಲ್ಲಿ ಹತ್ತಿರವಾದ, ಆದರೆ ನಮ್ಮ ಮಣ್ಣಿನ ವಾಸನೆಯಿರುವ ಹೆಸರೊಂದನ್ನು ಹುಡುಕಿದರು. ಅಷ್ಟರಲ್ಲೇ ಇಡೀ ಹಾಡು ನಮ್ಮದಾಯಿತು. ಅಣಕವಾಡು ಬರೆಯುವವನು ಮೊದಲು ಹುಡುಕಬೇಕಾದದ್ದು ಇಂಥ ಒಂದು ಕೀಲಿಯನ್ನು. ಅದು ಸಿಗುವವರೆಗೆ ಉಳಿದ ಸಾಲುಗಳಿಗೆ ಕೈಹಾಕಬಾರದು.

ಕೀಲಿ ಸಿಕ್ಕ ಮೇಲೆ ಮಾತ್ರೆಗಳ ಲೆಕ್ಕ. ಬಹುಪಾಲು ರಾಕ್ ಹಾಡುಗಳು ನಾಲ್ಕು ಎಣಿಕೆಯ ತಾಳದಲ್ಲಿರುತ್ತವೆ. ಅದಕ್ಕೆ ನಾಲ್ಕು ಮಾತ್ರೆಯ ಗಣಗಳು ಚೆನ್ನಾಗಿ ಕೂರುತ್ತವೆ. ತ್ರೀ ಫೇಸ್ ಕರೆಂಟಿನ ಬಗೆಗೆ ಬರೆದ ಈ ಪದ್ಯವನ್ನು ನೋಡಿರಿ:

ಬಂತೋ ಬಂತೋ ತ್ರೀ ಫೇಸ್ ಬಂತೋ
ಎದ್ದೇಳೋ ಬೋರಿನ ಸರದಾರಾ
ಕತ್ತಲ ಕೆಸರಾಗ್ ಓಡುತ ಬಂದಾ
ಸ್ಟಾರ್ಟರ್ ಒತ್ತುವ ಹೊತ್ತಿಗೆ ಹೋತೋ

ಪ್ರತಿ ಸಾಲಿನಲ್ಲಿಯೂ ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣಗಳಿವೆ: ಎದ್ದೇ, ಳೋ ಬೋ, ರಿನ ಸರ, ದಾರಾ. ಹೀಗೆ ಒಡೆದು ಚಪ್ಪಾಳೆ ತಟ್ಟಿ ನೋಡಿ, ಒಂದು ಗಣಕ್ಕೆ ಒಂದು ಎಣಿಕೆಯಂತೆ ಕೂತರೆ ಮಾತ್ರ ಸಾಲನ್ನು ಒಪ್ಪಿಕೊಳ್ಳಿರಿ. ಎಳೆದು ಹಾಡುವ ಸ್ವರದ ಮೇಲೆ ದೀರ್ಘಾಕ್ಷರ ಬರಬೇಕು. ಹ್ರಸ್ವವನ್ನು ಎಳೆದರೆ ಮಾತು ಕೆಡುತ್ತದೆ, ಮಾತು ಕೆಟ್ಟರೆ ನಗೆಯೂ ಕೆಡುತ್ತದೆ. ಗಿಟಾರ್‌ನ ಮೊಟಕು ಹೊಡೆತಗಳ ಮೇಲೆ ರೊಟ್ಟಿ, ಬುತ್ತಿ, ಕಟ್ಟು, ಒತ್ತು ಎಂಬಂಥ ದ್ವಿತ್ವಾಕ್ಷರದ ಪದಗಳನ್ನು ಕೂರಿಸಿದರೆ ಹೊಡೆತ ಮತ್ತು ಅಕ್ಷರ ಒಟ್ಟಿಗೆ ಸಿಡಿಯುತ್ತವೆ. ಈ ಪದಗಳು ಕನ್ನಡದಲ್ಲಿ ಹೇರಳವಾಗಿರುವುದರಿಂದ ಮೆಟಲ್ ಸಂಗೀತಕ್ಕೆ ನಮ್ಮ ಭಾಷೆ ಒಗ್ಗುವುದಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಅನುಕೂಲವನ್ನು ಕನ್ನಡದ ವಾಕ್ಯರಚನೆಯೇ ಒದಗಿಸುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆದ್ದರಿಂದ ಏನಾಯಿತೆಂಬುದು ಸಾಲಿನ ತುದಿಯವರೆಗೂ ಗುಟ್ಟಾಗಿ ಉಳಿಯುತ್ತದೆ. ಮೇಲಿನ ಪದ್ಯದಲ್ಲಿ ರೈತ ಸ್ಟಾರ್ಟರ್ ಒತ್ತುವ ಹೊತ್ತಿಗೆ ಮೋಟಾರು ಶುರುವಾಯಿತೋ ಕರೆಂಟು ಹೋಯಿತೋ ಎಂಬುದು ಕಡೆಯ ಪದದಲ್ಲಿ ಮಾತ್ರ ಬಯಲಾಗುತ್ತದೆ, ಮತ್ತು ಮೊದಲ ಸಾಲಿನ ‘ಬಂತೋ’ ಎಂಬ ಉತ್ಸಾಹಕ್ಕೆ ಅದೇ ನಾದದಲ್ಲಿ ಉತ್ತರ ಸಿಗುತ್ತದೆ. ಆ ಕಡೆಯ ಪದ ಬಂದೊಡನೆ ವಾದ್ಯಗಳೆಲ್ಲ ಒಂದು ಆವರ್ತ ಪೂರ್ತಿಯಾಗಿ ನಿಲ್ಲಬೇಕು. ಜನ ನಗಲು ಸಮಯ ಬೇಕು. ನಗೆಯ ಮೇಲೆಯೇ ಮುಂದಿನ ಸಾಲನ್ನು ಹಾಡಿದರೆ ಎರಡೂ ವ್ಯರ್ಥವಾಗುತ್ತವೆ. ಮೂರು ನಿಮಿಷದ ಹಾಡಿನಲ್ಲಿ ಇಂಥ ನಿಲುಗಡೆಗಳನ್ನು ಮೂರು ಕಡೆ ಇಟ್ಟರೆ ಸಾಕು. ಮತ್ತು ಪಲ್ಲವಿ ಎರಡನೆಯ ಸಲ ಬರುವಾಗ ಅದೇ ಪದಗಳು ಹೊಸ ಅರ್ಥ ಪಡೆಯುವಂತೆ ನಡುವಿನ ಚರಣವನ್ನು ಬರೆಯಿರಿ, ಇಲ್ಲವಾದರೆ ಒಂದೇ ನಗೆಯನ್ನು ಮೂರು ಸಲ ಮಾರಿದಂತಾಗುತ್ತದೆ.

ಹಾಡಿನ ಮಾತು ಊರಿನ ಮಾತೇ ಆಗಿರಲಿ. ಗ್ರಾಂಥಿಕ ಕನ್ನಡವನ್ನು ಒಂದೆರಡು ಕಡೆ, ನಾಯಕನ ಠೇಂಕಾರ ತೋರಿಸಬೇಕಾದಲ್ಲಿ ಮಾತ್ರ, ಕಂಪನಿ ನಾಟಕದ ರಾಜನ ಪಾತ್ರದವನು ಬಳಸುವಂತೆ ಬಳಸಿದರೆ ಅದರ ತೂಕ ಹೆಚ್ಚುತ್ತದೆ.

ಬೇರೆಯವರ ಹಾಡನ್ನು ಬಳಸುವ ಹಕ್ಕು

ಜನಪ್ರಿಯ ಹಾಡಿನ ಮಟ್ಟನ್ನೇ ಎತ್ತಿಕೊಂಡು ಸಾಹಿತ್ಯ ಬದಲಿಸುವುದು ಒಂದು ದಾರಿ, ಒಂದು ಶೈಲಿಯನ್ನು ಅಣಕಿಸುತ್ತ ಸ್ವಂತ ಮಟ್ಟನ್ನು ಕಟ್ಟುವುದು ಇನ್ನೊಂದು ದಾರಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆಯಾದರೂ ಅಣಕವನ್ನು ಹೆಸರಿಸಿ ರಕ್ಷಿಸುವುದಿಲ್ಲ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ರಚನಕಾರನ ಮರಣಾನಂತರ 60 ವರ್ಷ ಇರುತ್ತದೆ. ಅಮೆರಿಕದಲ್ಲಿ 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರ‍್ಯಾಪ್ ತಂಡವೊಂದರ ಅಣಕವಾಡಿನ ಪ್ರಕರಣದಲ್ಲಿ, ಹಣ ಗಳಿಸುವ ಉದ್ದೇಶದ ಅಣಕವೂ ನ್ಯಾಯೋಚಿತ ಬಳಕೆಯಾಗಬಲ್ಲದು ಎಂದು ಹೇಳಿತು. ಹಾಗಿದ್ದೂ ಯಾಂಕೊವಿಕ್ ಅವರು ಮೂಲ ಕಲಾವಿದರ ಅನುಮತಿ ಕೇಳಿಯೇ ಹಾಡು ಹೊರತರುವ ರೂಢಿ ಇಟ್ಟುಕೊಂಡಿದ್ದಾರೆ. ಆ ಸೌಜನ್ಯವನ್ನು ನಾವೂ ಪಾಲಿಸಬೇಕು.

ಸ್ವಂತ ಮಟ್ಟು ಕಟ್ಟಿದಾಗಲೂ ಎಚ್ಚರ ಬೇಕು. ಬೀಟಲ್ಸ್ ತಂಡವನ್ನು ಅಣಕಿಸಲು ಎರಿಕ್ ಐಡಲ್ ಮತ್ತು ನೀಲ್ ಇನ್ನೆಸ್ ಹುಟ್ಟುಹಾಕಿದ ರಟಲ್ಸ್ ತಂಡಕ್ಕಾಗಿ 1978ರಲ್ಲಿ ಇನ್ನೆಸ್ ಹೊಸ ಹಾಡುಗಳನ್ನೇ ರಚಿಸಿದರು. ಅವು ಮೂಲಕ್ಕೆ ಎಷ್ಟು ಹತ್ತಿರವಿದ್ದವೆಂದರೆ, ಬೀಟಲ್ಸ್ ಹಾಡುಗಳ ಹಕ್ಕು ಹೊಂದಿದ್ದ ಕಂಪನಿ ಆಕ್ಷೇಪವೆತ್ತಿತು ಮತ್ತು ಗಳಿಕೆಯಲ್ಲಿ ಅದಕ್ಕೆ ಪಾಲು ಹೋಯಿತು. ನನ್ನ ಸಲಹೆ ಇಷ್ಟು: ಕಾಲೇಜಿನ ಕೂಟದಲ್ಲಿ ಪ್ರಯೋಗಿಸಿ ನೋಡಲು ಯಾವ ಮಟ್ಟಾದರೂ ಇರಲಿ, ಧ್ವನಿಮುದ್ರಿಸಿ ಯೂಟ್ಯೂಬ್‌ಗೆ ಏರಿಸುವುದು ಮಾತ್ರ ಸ್ವಂತ ಮಟ್ಟಿನ ಹಾಡುಗಳನ್ನೇ.

ಸೋಗು ಮತ್ತು ವೇದಿಕೆಯ ಮಾತು

ಬಾಗಲಕೋಟೆಯ ಹೋಳಿಯಲ್ಲಿ ಹಲಗೆ ಮೇಳದ ಅಬ್ಬರದ ನಡುವೆ ಸಾಗುವ ಸೋಗಿನ ಬಂಡಿಗಳನ್ನು ನೋಡಿದವರಿಗೆ ವೇಷದ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿ ಸೋಗು ಹಾಕಿದವನು ತನ್ನ ಪಾತ್ರವನ್ನು ಬಂಡಿಯಿಂದ ಇಳಿಯುವವರೆಗೂ ಬಿಟ್ಟುಕೊಡುವುದಿಲ್ಲ. ರಾಕ್ ಅಣಕಿಗೂ ಇದೇ ನಿಯಮ. ಚರ್ಮದ ಜಾಕೆಟ್ಟು, ಉದ್ದ ಕೂದಲು ಎಲ್ಲ ತಂಡಗಳಲ್ಲೂ ಇರುತ್ತವೆ. ಇಳಕಲ್ ಸೀರೆಯ, ಟೋಪ ತೆನಿ ಎಂಬ ವಿನ್ಯಾಸದ ಸೆರಗನ್ನು ಕತ್ತರಿಸಿ ಹೊಲಿದ ಜಾಕೆಟ್ಟನ್ನು ಮೆಟಲ್ ಗಾಯಕನು ಪೂರ್ಣ ಗಾಂಭೀರ್ಯದಿಂದ ತೊಟ್ಟರೆ ಆ ವೇಷ ನಿಮ್ಮ ತಂಡದ ಗುರುತಾಗುತ್ತದೆ.

ಹಾಡುಗಳ ನಡುವಿನ ಮಾತಿಗೆ ನಮ್ಮ ಭಾಗದ ಜನಪದ ನಾಟಕವಾದ ಶ್ರೀಕೃಷ್ಣ ಪಾರಿಜಾತದ ಭಾಗವತನಿಂದ ಕಲಿಯುವುದು ಬಹಳಷ್ಟಿದೆ. ಅಲ್ಲಿ ಪಾತ್ರಗಳು ಬಿಗುಮಾನದಿಂದ ಮಾತನಾಡುವಾಗ ಭಾಗವತನು ನಡುನಡುವೆ ಬಾಯಿ ಹಾಕಿ, ನೋಡುಗರ ಪರವಾಗಿ ಆಡುಮಾತಿನಲ್ಲಿ ಪ್ರಶ್ನೆ ಕೇಳುತ್ತಾನೆ. ತಂಡದ ಬಾಸ್ ಗಿಟಾರ್ ವಾದಕನಿಗೆ ಈ ಪಾತ್ರ ಕೊಡಿರಿ. ಗಾಯಕ ತಾನು ಪಾತಾಳದಿಂದ ಎದ್ದುಬಂದವನೆಂದು ಗರ್ಜಿಸಿದಾಗ, ‘ಪಾತಾಳದಿಂದ ಬರಾಕ ಬಸ್ ಎಷ್ಟಕ್ಕ ಐತ್ರಿ?’ ಎಂದು ಅವನು ಶಾಂತವಾಗಿ ಕೇಳಲಿ, ಗಾಯಕನೂ ಅದಕ್ಕೆ ಅಷ್ಟೇ ಗಂಭೀರವಾಗಿ ವೇಳೆ ಹೇಳಲಿ. ನಮ್ಮ ಭಾಗದ ಮಾತಿನ ಮರ್ಯಾದೆಯೂ ಇಲ್ಲಿ ನೆರವಿಗೆ ಬರುತ್ತದೆ. ‘ಸುಟ್ಟು ಬೂದಿ ಮಾಡ್ತೇವ್ರಿ, ಸ್ವಲ್ಪ ಸರದ ಕುಂದರ್ರಿ’ ಎಂದು ಮೆಟಲ್ ಗಾಯಕನೊಬ್ಬ ಅಬ್ಬರಿಸಿದರೆ, ರಾಕ್‌ನ ರೌದ್ರ ಮತ್ತು ಊರಿನ ಸೌಜನ್ಯ ಎರಡೂ ಒಂದೇ ಉಸಿರಿನಲ್ಲಿ ಹೊರಬರುತ್ತವೆ.

ಅಭ್ಯಾಸ, ಸದ್ದು, ಮೊದಲ ಪ್ರದರ್ಶನ

ಅಭ್ಯಾಸದ ಜಾಗವನ್ನು ವಸತಿ ಬಡಾವಣೆಯ ಹೊರಗೆ ನೋಡಿಕೊಳ್ಳಿರಿ. 2000ರ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಡ್ರಮ್ಸ್ ಆ ಮಿತಿಯನ್ನು ಮೊದಲ ಹೊಡೆತದಲ್ಲೇ ದಾಟುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಪ್ರದರ್ಶನವನ್ನು ಸಂಜೆಯೇ ಆರಂಭಿಸಬೇಕು.

ವೇದಿಕೆಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಮಾತು ಕೇಳಿಸುವುದು. ಸಾಮಾನ್ಯ ರಾಕ್ ತಂಡದಲ್ಲಿ ಗಾಯಕನ ಒಂದೆರಡು ಪದ ಗಿಟಾರ್‌ನಲ್ಲಿ ಮುಳುಗಿದರೂ ನಡೆಯುತ್ತದೆ. ಅಣಕು ತಂಡಕ್ಕೆ ಅದು ಸೋಲು. ಕ, ಚ, ಟ, ತ, ಸ ಮುಂತಾದ ವ್ಯಂಜನಗಳನ್ನು ಗುರುತಿಸಲು ಕಿವಿಗೆ ಮುಖ್ಯವಾಗಿ ಬೇಕಾಗುವುದು 2,000 ಹರ್ಟ್ಸ್ ಮತ್ತು ಅದರ ಮೇಲಿನ ಕಂಪನಗಳು, ಮತ್ತು ಡಿಸ್ಟಾರ್ಷನ್ ಹಾಕಿದ, ಅಂದರೆ ದನಿಯನ್ನು ಬೇಕೆಂದೇ ಒರಟಾಗಿಸಿದ, ಗಿಟಾರ್ ಹೆಚ್ಚಾಗಿ ಆವರಿಸಿಕೊಳ್ಳುವುದೂ 2,000ದಿಂದ 4,000 ಹರ್ಟ್ಸ್‌ನ ಪ್ರದೇಶವನ್ನೇ. ಆದ್ದರಿಂದ ಸೌಂಡ್ ಆಪರೇಟರ್‌ಗೆ ಹೇಳಿ ಆ ಪ್ರದೇಶದಲ್ಲಿ ಗಿಟಾರನ್ನು ತುಸು ತಗ್ಗಿಸಿರಿ, ಗಾಯಕನ ಮೈಕಿಗೆ ಎಕೋ ಹಾಕದಂತೆ ಕಟ್ಟುನಿಟ್ಟಾಗಿ ತಿಳಿಸಿರಿ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುದನಿಸುವುದನ್ನು ಕೇಳುವುದು ಆನಂದ, ಆದರೆ ಬೋಳು ಗೋಡೆಯ ಮಂಗಲ ಕಾರ್ಯಾಲಯದಲ್ಲಿ ಹಾಡಿನ ಸಾಲು ಹಾಗೆ ಮರುದನಿಸಿದರೆ ಒಂದು ಅಕ್ಷರವೂ ತಿಳಿಯುವುದಿಲ್ಲ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ, ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಂಥ, ನಾಟಕಕ್ಕೆಂದೇ ಕಟ್ಟಿದ ಜಾಗ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿರಿ.

ಗಂಟಲು ಬಿರಿಯುವ ಮೆಟಲ್ ಗರ್ಜನೆಯನ್ನು ಇಡೀ ಸಾಲಿಗೆ ಬಳಸದೆ, ಜನರಿಗೆ ಮೊದಲೇ ಗೊತ್ತಾಗಿರುವ ಒಂದು ಪದಕ್ಕೆ ಮೀಸಲಿಡುವುದು ಒಳ್ಳೆಯದು.

ಎಂಥ ಕೂಟದಲ್ಲಿ ಹಾಡುತ್ತೇವೆ ಎಂಬುದನ್ನೂ ಯೋಚಿಸಬೇಕು. ಬ್ಯಾಡ್ ನ್ಯೂಸ್ ಎಂಬ ಬ್ರಿಟಿಷ್ ಅಣಕು ತಂಡ 1986ರಲ್ಲಿ ಡಾನಿಂಗ್‌ಟನ್‌ನ ದೊಡ್ಡ ಹೆವಿ ಮೆಟಲ್ ಉತ್ಸವದಲ್ಲಿ ಹಾಡಿದಾಗ ಜನಸಮೂಹದಿಂದ ಬಾಟಲಿಗಳ ಸುರಿಮಳೆಯಾಯಿತು. ಅಣಕನ್ನು ನಿರೀಕ್ಷಿಸದ ಜನರ ಮುಂದೆ ನಿಲ್ಲುವಾಗ ನಿರೂಪಕನ ಮೂಲಕ ಮೊದಲೇ ಸುಳಿವು ಕೊಡುವುದು ವಿವೇಕ. ಮೊದಲ ಪ್ರದರ್ಶನಕ್ಕೆ ಇಪ್ಪತ್ತೈದು ನಿಮಿಷ ಮೀರದಂತೆ ಐದಾರು ಹಾಡುಗಳನ್ನು ಇಟ್ಟುಕೊಳ್ಳಿರಿ. ಎಲ್ಲರಿಗೂ ತಟ್ಟನೆ ತಿಳಿಯುವ ಹಾಡನ್ನು ಮೊದಲಿಗೆ, ಕರದಂಟಿನ ಸವಾಲ್ ಜವಾಬಿನಂಥ ಜನರು ಪಕ್ಷ ವಹಿಸಬಲ್ಲ ಹಾಡನ್ನು ಕೊನೆಗೆ ಹಾಕಿರಿ. ಎಲ್ಲಾದರೂ ನಗು ಬಾರದಿದ್ದರೆ ವೇದಿಕೆಯ ಮೇಲೆ ನಗೆಯನ್ನು ಬಿಡಿಸಿ ಹೇಳಲು ಹೋಗದೆ, ತಾಳ ತಪ್ಪದಂತೆ ಮುಂದಿನ ಚರಣಕ್ಕೆ ಸಾಗಿರಿ. ಆ ಸಾಲನ್ನು ಗುರುತು ಮಾಡಿಟ್ಟುಕೊಂಡು ಮುಂದಿನ ಅಭ್ಯಾಸದಲ್ಲಿ ತಿದ್ದಿರಿ.